ಏನೂ ಅರಿಯದ ಹುಡುಗಿ

ಫ್ಯಾನಿನ ಗಾಳಿಗೆ ಸಣ್ಣೀರುಳ್ಳಿಯ ಸಿಪ್ಪೆ ಮೊರದಿಂದ ಎದ್ದು, ನೆಲದ ಮೇಲೆ ಒಂದು ಸುತ್ತು ಹೊಡೆದು, ಊಟದ ಮೇಜಿನ ಕೆಳಗೆ ಹೋಗಿ ಕೂರುತ್ತದೆ, ಕೂರಲಿ, ಸಿಪ್ಪೆಗೆ ಇರುವ ಹಾರಾಟ ಈರುಳ್ಳಿಗೆ ಎಲ್ಲಿದೆ—ತಮ್ಮಯ್ಯ ಇನ್ನೊಂದನ್ನು ಎತ್ತಿಕೊಂಡು ಹೆಬ್ಬೆರಳಿನ ಉಗುರು ಊರಿದ, ಕಣ್ಣು ಉರಿಯುವುದಿಲ್ಲ, ಮದರಾಸಿನ ತ್ರಿಪ್ಲಿಕೇನಿನಲ್ಲಿ ತಾನೇ ನಡೆಸಿದ ಮೆಸ್ಸಿನಲ್ಲಿ ಮೂಟೆಗಟ್ಟಲೆ ಸುಲಿದವನ ಕಣ್ಣು, ಈರುಳ್ಳಿಗೇ ಬೇಸರ ಬಂದು ಬಿಟ್ಟುಬಿಟ್ಟಿದೆ, ಪಕ್ಕದ ಸ್ಟೂಲಿನ ಮೇಲೆ ಫೋನು ಮಲಗಿದೆ, ಇವತ್ತು ಅದು ಕೂಗುತ್ತದಂತೆ, ಯಾವುದೋ ಆಸ್ಪತ್ರೆಯ ರಿಕ್ರೂಟರಂತೆ, ಕೆಲಸಕ್ಕೆ ಅರ್ಜಿ ಹಾಕಿದ ಸೊಸೆ ವೃಂದಾಳ ವಿಚಾರ ಕೇಳುತ್ತಾರಂತೆ, ಅವಳ ತಮ್ಮ ತೇಜಸ್ ಬೆಳಿಗ್ಗೆಯೇ ಎಚ್ಚರಿಸಿ ಹೋಗಿದ್ದಾನೆ, ಅಂಕಲ್, ಫೋನು ಪಕ್ಕದಲ್ಲೇ ಇರಲಿ, ಕೊಂಜ ಧೈರ್ಯಮಾ ಮಾತಾಡಿ. ಧೈರ್ಯ! ಮಾತಾಡುವುದಕ್ಕೆ ಧೈರ್ಯ ಬೇಕಾದ್ದು ಸುಳ್ಳು ಹೇಳುವವರಿಗೆ. ಮೊನ್ನೆ ಭಾನುವಾರ ಇದೇ ಮೇಜಿನ ಮೇಲೆ ಲ್ಯಾಪ್‌ಟಾಪು ತೆರೆದಿಟ್ಟುಕೊಂಡು ಆ ಹುಡುಗ ತನ್ನ ಅಕ್ಕನನ್ನು ಹೊಸದಾಗಿ ಹುಟ್ಟಿಸುತ್ತಿದ್ದ, ಕಾಲು ಅಲ್ಲಾಡಿಸುತ್ತ, ಬಿಸ್ಕತ್ತು ಅದ್ದಿ ತಿನ್ನುತ್ತ, ರೆಸ್ಯೂಮೆ ಅಂದರೆ ಅದೇನೂ ಬರೆಯುವುದಲ್ಲ ಅಕ್ಕಾ, ಮಾರೋದು, ನಿನ್ನನ್ನ ನೀನೇ ಮಾರ್ಕೋಬೇಕು, ಅಂದ, ಆ ಮಾತನ್ನು ಹೆಣ್ಣುಮಗಳಿಗೆ, ಅದೂ ಸ್ವಂತ ಅಕ್ಕನಿಗೆ, ನಾಲಿಗೆ ಒಂದಿಷ್ಟೂ ತಡವರಿಸದೆ ಅಂದ, ವೃಂದಾ ನಕ್ಕಳು, ತಮ್ಮಯ್ಯ ಮುಖ ತಿರುಗಿಸಿ ಬಾಲ್ಕನಿಯಾಚೆ ಪೋರೂರು ಕೆರೆಯ ಕಡೆ ನೋಡಿದ, ಅಲ್ಲಿ ನೀರೂ ಇಲ್ಲ ಹಕ್ಕಿಯೂ ಇಲ್ಲ, ಎದುರು ಅಪಾರ್ಟ್‌ಮೆಂಟಿನ ಒಣಗು ಬಟ್ಟೆ ಮಾತ್ರ.

ಮೊದಲು ಓದೋದು ಮನುಷ್ಯರಲ್ಲ ಅಂಕಲ್, ಮಿಷನ್ನು, ಅದಕ್ಕೆ ಬೇಕಾದ ಪದ ಇಲ್ಲದಿದ್ದರೆ ಕಸಕ್ಕೆ, ಆಮೇಲೆ ಮನುಷ್ಯರ ಕೈಗೆ ಬಂದರೂ ಒಂದು ಉಸಿರು ಬಿಡೋವಷ್ಟು ಹೊತ್ತು ನೋಡ್ತಾರೆ, ಅದರೊಳಗೆ ಕಣ್ಣಿಗೆ ಹೊಡೀಬೇಕು. ಹೌದೇನಪ್ಪ, ಅಂದ ತಮ್ಮಯ್ಯ, ಇನ್ನೇನು ಅನ್ನಬೇಕು, ಮಿಷನ್ನು ಓದುವುದಕ್ಕೆ ಮನುಷ್ಯ ಬರೆಯುವ ಕಾಲ, ಹಾಗಾದರೆ ಮಿಷನ್ನೇ ಹೋಗಿ ಕೆಲಸವನ್ನೂ ಮಾಡಲಿ. ಅಕ್ಕಾ, ಇಲ್ಲಿ ನೋಡು, ಕ್ಲೇಮ್ಸ್ ಸೆಕ್ಷನ್ನಲ್ಲಿ ಕೆಲಸ ಮಾಡಿದೆ ಅಂತ ಇರಬಾರದು, ಕ್ಲೇಮ್ಸ್ ಪ್ರಕ್ರಿಯೆಗೆ ನೇತೃತ್ವ ವಹಿಸಿದೆ ಅಂತ ಇರಬೇಕು. ಲೋ, ಮೂಲೆಯಲ್ಲಿ ನನ್ನ ಮೇಜಿತ್ತು ಕಣೋ, ಪಕ್ಕದಲ್ಲಿ ಬಾತ್‌ರೂಮು, ಅಂದಳು ವೃಂದಾ. ನೇತೃತ್ವ, ಅಂದ ಅವನು, ಟಕಟಕ ಒತ್ತಿದ. ಅದು ಮುಗಿದ ಮೇಲೆ ಕವರ್ ಲೆಟರು, ಕವರೂ ಇಲ್ಲದ ಅಂಚೆಯೂ ಇಲ್ಲದ ಕಾಗದಕ್ಕೆ ಕವರ್ ಲೆಟರಂತೆ, ಅದನ್ನು ತಮ್ಮಯ್ಯನಿಗೂ ತಿಳಿಯಲಿ ಎಂದು ಕನ್ನಡ ಮಾಡಿ ಓದಿದ, ನಿಮ್ಮ ಆಸ್ಪತ್ರೆಯ ಧ್ಯೇಯೋದ್ದೇಶಗಳು ನನ್ನ ಹೃದಯಕ್ಕೆ ಹತ್ತಿರವಾದವು, ರೋಗಿಗಳ ಮುಖದಲ್ಲಿ ನಗು ಮೂಡಿಸುವುದು ನನ್ನ ಉತ್ಕಟ ಹಂಬಲ—ಇನ್ಶೂರೆನ್ಸ್ ಕೌಂಟರಿನಲ್ಲಿ ಕೂತು ರೋಗಿಯ ಮುಖದಲ್ಲಿ ನಗು! ತಮ್ಮಯ್ಯನಿಗೆ ಕೆಮ್ಮು ಬಂತು, ಕೆಮ್ಮಿನೊಳಗೆ ನಗು ಅಡಗಿಸಿಕೊಳ್ಳುವುದು ಮೆಸ್ಸಿನಲ್ಲಿ ಕಲಿತದ್ದು, ಅಲ್ಲಿಯೂ ಬರುತ್ತಿದ್ದರಲ್ಲ ಇಂಥವರು, ಲಾಡ್ಜುಗಳಲ್ಲಿ ಮಂಚ ಬಾಡಿಗೆ ಹಿಡಿದು ಕೆಲಸ ಹುಡುಕುವವರು, ಒಂದೇ ಬಿಳಿ ಅಂಗಿಯನ್ನು ಸರದಿಯಲ್ಲಿ ಇಸ್ತ್ರಿ ಮಾಡಿಸಿ ಇಂಟರ್‌ವ್ಯೂಗೆ ಹೋಗುವವರು, ಆಗ ಅದಕ್ಕೆ ಬಯೋಡೇಟಾ ಅನ್ನುತ್ತಿದ್ದರು, ಟೈಪಿನವನ ಹತ್ತಿರ ಹೊಡೆಸಿಕೊಂಡು ಬಂದು ಸಾಂಬಾರಿನ ಕೈಯಲ್ಲೇ ಒಬ್ಬರಿಗೊಬ್ಬರು ಓದಿ ಹೇಳುವುದು, ಸತ್ಯನಾರಾಯಣ ಅಂತ ಒಬ್ಬನಿದ್ದ, ಹವ್ಯಾಸ ಸ್ಟಾಂಪು ಸಂಗ್ರಹ ಎಂದು ಹಾಕಿಸಿದ್ದ, ಮನೆಗೆ ಕಾಗದ ಬರೆಯುವುದಕ್ಕೂ ಸ್ಟಾಂಪಿಲ್ಲದೆ ತಮ್ಮಯ್ಯನ ಹೆಂಡತಿ ಪುಟ್ಟತಾಯಮ್ಮನ ಹತ್ತಿರ ಕೈಯೊಡ್ಡುವವನು, ಅಕ್ಕ, ಒಂದು ಸ್ಟಾಂಪ್ ಇದ್ರೆ ಕೊಡಿ, ಪುಟ್ಟತಾಯಮ್ಮ ಒಲೆಯ ಮುಂದಿನಿಂದ ಎದ್ದು, ಸೆರಗಿನಲ್ಲಿ ಕೈ ಒರೆಸಿಕೊಳ್ಳುತ್ತ, ತಗಳಪ್ಪ, ನಿನ್ನ ಸಂಗ್ರಹಕ್ಕೆ, ಅಂದಿದ್ದಳು, ಇಡೀ ಪಂಕ್ತಿ ಎಲೆಯ ಮೇಲೆ ಬಿದ್ದು ನಕ್ಕಿತ್ತು. ಆ ಸತ್ಯನಾರಾಯಣನಿಗೂ ಕೆಲಸ ಸಿಕ್ಕಿತು, ಬ್ಯಾಂಕಿನಲ್ಲಿ. ಸುಳ್ಳಿಗೆ ಸೀಟು ಸಿಗುವುದು ಇವತ್ತಿನ ಸಂಗತಿಯಲ್ಲ.

ಆದರೂ ಆಗಿನವರು ತಮ್ಮ ವರ್ಷಗಳನ್ನು ಬಚ್ಚಿಡುತ್ತಿರಲಿಲ್ಲ. ಈ ತೇಜಸ್ಸು ಪರದೆಯ ಮೇಲೆ ಬೆರಳಿಟ್ಟು, ಅಕ್ಕಾ, ಇದೇ ಪ್ರಾಬ್ಲಂ, ಎಂಟು ವರ್ಷ ಗ್ಯಾಪು, ಅಂದ. ಗ್ಯಾಪು. ಬಾಗಿಲ ಸಂದಿಗೆ, ಹಲ್ಲಿನ ಸಂದಿಗೆ ಅನ್ನುವ ಮಾತು. ವೃಂದಾ ಮೆಲ್ಲಗೆ, ಅತ್ತೆನ ನೋಡ್ಕೊಂಡೆ ಅಂತ ಹಾಕು, ಅಂದಳು. ಹಾಕಿದ್ರೆ ಮುಗೀತು, ಮನೇಲಿ ಕೂತಿದ್ದಳು ಅಂತಾರೆ, ಇಷ್ಟು ದಿನ ಕಳಿಸಿದ್ದೆಲ್ಲ ಹಾಗೇ ತಾನೆ ಹೋಯ್ತು, ಒಬ್ಬನಾದ್ರೂ ಫೋನ್ ಪಣ್ಣಿದ್ನಾ? ಇಲ್ಲ, ಒಬ್ಬನೂ ಮಾಡಿರಲಿಲ್ಲ, ಅದು ನಿಜ, ವೃಂದಾ ಬೆಳಿಗ್ಗೆ ಎದ್ದರೆ ಫೋನು ನೋಡುತ್ತಿದ್ದಳು, ನೋಡಿ ಕವುಚಿಡುತ್ತಿದ್ದಳು, ತಮ್ಮಯ್ಯ ಕಾಣದವನಂತೆ ಕಾಫಿ ಕುಡಿಯುತ್ತಿದ್ದ. ಕೂತಿದ್ದಳಂತೆ! ಪುಟ್ಟತಾಯಮ್ಮನ ಬಲಭಾಗ ಬಿದ್ದುಹೋದ ಮೇಲೆ ಈ ಮನೆಯಲ್ಲಿ ಕೂತವರು ಯಾರು, ಮಗ ಮಧುಸೂದನ ಅಂಬತ್ತೂರಿನ ಕಾರ್ಖಾನೆಗೆ ಹೋದರೆ ರಾತ್ರಿಗೆ ಬರುವವನು, ತಮ್ಮಯ್ಯ ಮೆಸ್ಸಿನ ಶಟರು ಎಳೆದು ಬಂದು ಹೆಂಡತಿಯ ಕಾಲದೆಸೆಯಲ್ಲಿ ನಿಂತ, ನಿಂತ ಅಷ್ಟೆ, ಗಂಡಸಿಗೆ ಸಾವಿರ ಜನಕ್ಕೆ ಬಡಿಸುವುದು ಗೊತ್ತು, ಒಂದು ಮೈಯನ್ನು ಮಗ್ಗುಲು ತಿರುಗಿಸುವುದು ಗೊತ್ತಿಲ್ಲ, ಈ ಹುಡುಗಿ ಇನ್ಶೂರೆನ್ಸ್ ಆಫೀಸಿಗೆ ಒಂದು ತಿಂಗಳು ರಜೆ ಹಾಕಿ ಬಂದವಳು ಮತ್ತೆ ಹೋಗಲಿಲ್ಲ, ಹೋಗು ಎಂದು ಯಾರೂ ಹೇಳಲಿಲ್ಲ, ಹೋಗಬೇಡ ಎಂದೂ ಹೇಳಲಿಲ್ಲ. ದಿನಾ ಬೆಳಿಗ್ಗೆ ಮಂಚಕ್ಕೆ ಬೆನ್ನು ಹಾಕಿ ಅಂಚಿನಲ್ಲಿ ಕೂರುವಳು, ಜಡೆಯನ್ನು ಹೆಗಲಾಚೆ ಹಿಂದಕ್ಕೆ ಎಸೆಯುವಳು, ಹಿಡ್ಕೊಳ್ಳಿ ಅತ್ತೆ, ಪುಟ್ಟತಾಯಮ್ಮನ ಎಡಗೈ, ಉಳಿದಿದ್ದ ಒಂದೇ ಕೈ, ಆ ಜಡೆಯನ್ನು ಮುಷ್ಟಿಗೆ ಒಂದು ಸುತ್ತು ಸುತ್ತಿಕೊಳ್ಳುವುದು, ಬಾವಿಯ ಹಗ್ಗ ಹಿಡಿದ ಹಾಗೆ, ಆಮೇಲೆ ವೃಂದಾ ಮುಂದಕ್ಕೆ ಬಾಗುವಳು, ಕತ್ತಿನ ನರ ಬಿಗಿಯುವುದು, ತಲೆ ಹಿಂದಕ್ಕೆ ಜಗ್ಗುವುದು, ಮುದುಕಿ ಏಳುವಳು. ಉದ್ದ ಕೂದಲು ಯಾಕೆ ವೃಂದಾ, ಕತ್ತರಿಸ್ಕೋ, ಸುಲಭ, ಎಂದು ಮೇಲಿನ ಮನೆಯ ಅಂಬುಜಾ ಹೇಳಿದಾಗ, ಬೇಡ ಆಂಟಿ, ಇದು ನಮ್ಮತ್ತೆ ಹಿಡಿ, ಅಂದಳು. ಅದಕ್ಕೆ ಯಾವ ಪದ ಹಾಕುತ್ತದೆ ನಿನ್ನ ಮಿಷನ್ನು, ಯಾವ ನೇತೃತ್ವ?

ಅವನು ಹಾಕಿದ ಪದ ಆಪರೇಷನ್ಸ್ ಮ್ಯಾನೇಜರ್. ಎಲ್ಲಿ ಎಂದರೆ ತಮ್ಮಯ್ಯನ ಮೆಸ್ಸಿನಲ್ಲಿ, ಅದಕ್ಕೂ ಒಂದು ಹೆಸರು ಕಟ್ಟಿದ, ಪಿ.ಟಿ. ಹಾಸ್ಪಿಟಾಲಿಟಿ ಸರ್ವಿಸಸ್, ಪುಟ್ಟತಾಯಮ್ಮನನ್ನು ಎರಡಕ್ಷರಕ್ಕೆ ಇಳಿಸಿ, ಶಟರಿಗೆ ತುಕ್ಕು ಹಿಡಿದ ಎಂಟು ವರ್ಷಕ್ಕೆ ಮ್ಯಾನೇಜರನ್ನು ಕೂರಿಸಿದ, ಮುಚ್ಚಿದ ಅಂಗಡಿಯ ಯಜಮಾನನೆಂದು ತಮ್ಮಯ್ಯನ ಹೆಸರು, ನಂಬರು, ರೆಫರೆನ್ಸ್ ಅಂಕಲ್, ನೀವೇ ಅವಳ ಬಾಸು, ಫೋನ್ ಬಂದ್ರೆ ಇಷ್ಟೇ ಹೇಳಿ, ರೊಂಬ ತಿರಮೈಸಾಲಿ, ಎಲ್ಲಾಮೇ ಅವಂಗದಾನ್ ಪಾತ್ತುಕ್ಕಿಟ್ಟಾಂಗ, ತುಂಬಾ ಸಮರ್ಥೆ, ಎಲ್ಲವನ್ನೂ ಅವರೇ ನೋಡ್ಕೊಂಡ್ರು, ಅಷ್ಟೇ, ಸೊಸೆ ಅಂತ ಮಾತ್ರ ಹೇಳ್ಬೇಡಿ. ತಮ್ಮಯ್ಯ ವೃಂದಾಳ ಕಡೆ ನೋಡಿದ, ಇವಳಾದರೂ ಬೇಡ ಅನ್ನುತ್ತಾಳೆಂದು, ಅವಳು ಉಗುರು ನೋಡಿಕೊಳ್ಳುತ್ತ, ಮಾವ, ನನಗೂ ಇಷ್ಟ ಇಲ್ಲ, ಆದ್ರೆ ಅತ್ತೆ ಹೋದ್ಮೇಲೂ, ಮನೇಲಿದ್ರೆ ಅವರ ರೂಮಿನ ಕಡೆಗೇ ಕಿವಿ ಹೋಗುತ್ತೆ, ರಾತ್ರಿ ಮಗ್ಗುಲು ತಿರುಗಿಸೋ ಹೊತ್ತಿಗೆ ಎಚ್ಚರ ಆಗುತ್ತೆ, ಎದ್ದು ಹೋಗಿ ನೋಡಿದ್ರೆ ಬರೀ ಮಂಚ, ಎಲ್ಲಾದ್ರೂ ಹೊರಗೆ ಹೋಗ್ಬೇಕು ಮಾವ, ಅಂದಳು. ಸರಿ, ಅಂದ ತಮ್ಮಯ್ಯ. ಅವಳಿಗಾಗಿ ಸರಿ. ಆ ಸುಳ್ಳು ಕಾಗದಕ್ಕಾಗಿ ಅಲ್ಲ. ಹಲ್ಲಿನ ನಡುವೆ ಆ ತಮಿಳು ಮಾತನ್ನು ಇಟ್ಟುಕೊಂಡು ಎರಡು ದಿನ ತಿರುಗಿದ, ಹಾಲಿನವನ ಹತ್ತಿರ ಹೋಗುವಾಗ, ಸ್ನಾನ ಮಾಡುವಾಗ, ರೊಂಬ ತಿರಮೈಸಾಲಿ, ಛೀ, ತನ್ನ ಮನೆಯವಳನ್ನು ತಾನೇ ಹೊಗಳುವುದು ತನ್ನ ಬೆನ್ನು ತಾನೇ ತಟ್ಟಿಕೊಂಡಂತೆ, ಬಾಯಿ ಹುಳಿ ಹುಳಿ ಆಗುತ್ತದೆ, ಅಷ್ಟು ವರ್ಷ ಮೆಸ್ಸು ನಡೆಸಿ ಒಂದು ದಿನ ಸಾಂಬಾರು ಚೆನ್ನಾಗಿದೆ ಅಂದವನೇ ತಮ್ಮಯ್ಯ? ಏನೋ ಒಂದಿಷ್ಟು ಗಂಜಿ ಇದೆ, ಹೊಟ್ಟೆ ತುಂಬಿಸ್ಕಳಿ, ಅನ್ನುತ್ತಿದ್ದ, ಉಂಡವರು, ಗಂಜಿಯಂತೆ, ಇದು ಅಮೃತ ಅಲ್ಲವಾ ಸ್ವಾಮಿ, ಅನ್ನುತ್ತಿದ್ದರು, ಹಾಗೆ ಇರುವುದು, ಇರುವವನು ತಗ್ಗಿಸಬೇಕು, ಕೇಳುವವನು ಎತ್ತಬೇಕು, ಇಬ್ಬರಿಗೂ ಮರ್ಯಾದೆ. ಹೆಣ್ಣು ಒಪ್ಪಿಸುವ ಹೊತ್ತಿನಲ್ಲಿ ಪುಟ್ಟತಾಯಮ್ಮನ ಅಪ್ಪ ಕೆ.ಆರ್. ಪೇಟೆಯ ಚಪ್ಪರದಲ್ಲಿ ಕೈ ಜೋಡಿಸಿ, ನಮ್ಮ ಹುಡುಗಿ ಏನೂ ಅರೀದ್ದು ಸ್ವಾಮಿ, ತಪ್ಪಿದ್ರೆ ತಿದ್ಕಳಿ, ಅಂದಿದ್ದರು, ಆ ಏನೂ ಅರಿಯದ ಹುಡುಗಿ ಮದರಾಸಿಗೆ ಬಂದು ಲಾಡ್ಜಿನ ರೌಡಿಗಳಿಂದ ಊಟದ ಬಾಕಿ ವಸೂಲು ಮಾಡಿದಳು. ಪೆರಂಬೂರಿನ ರೈಲ್ವೆ ಕ್ವಾರ್ಟರ್ಸಿನ ಮುಂದೆ ವೃಂದಾಳ ಅಪ್ಪನೂ ಅದನ್ನೇ ಅಂದಿದ್ದರು, ಬಿ.ಕಾಂ. ಮಾಡಿದ್ದರೂ ಅದನ್ನೇ, ಏನೂ ಅರಿಯದ ಹುಡುಗಿ, ಕಣ್ಣು ಒದ್ದೆ ಮಾಡಿಕೊಂಡು, ಅದರಲ್ಲಿ ಇದ್ದ ಹೆಮ್ಮೆ ಕೇಳುವವನಿಗೆ ಕೇಳುತ್ತಿತ್ತು.

ಫೋನು ಕೂಗಿತು, ಮೊರ ತೊಡೆಯಿಂದ ಜಾರಿತು, ಈರುಳ್ಳಿ ಉರುಳಿದವು, ಹಲೋ, ತಮ್ಮಯ್ಯ ಸಾರ್ ಪೇಸ್ರೀಂಗಳಾ? ಮಾತಾಡುವುದು ತಮ್ಮಯ್ಯನೇನಾ ಎಂದು ತಮಿಳಿನಲ್ಲಿ, ಹೆಣ್ಣು ದನಿ, ಸಣ್ಣ ವಯಸ್ಸು, ಆಮಾ, ಎಂದು ಹೌದುಗುಟ್ಟಿದ ತಮ್ಮಯ್ಯ, ರೊಂಬ ತಿರಮೈಸಾಲಿ ನಾಲಿಗೆಯ ತುದಿಗೆ ಬಂದು ನಿಂತಿತು, ಇನ್ನೇನು ಉದುರಬೇಕು, ಆ ಕಡೆಯಿಂದ, ಸಾರ್, ನೀವು ಕನ್ನಡದವರಲ್ವಾ? ಹೆಸರು ನೋಡಿದಾಗ್ಲೇ ಅನ್ಕೊಂಡೆ, ನಾನು ವಿಭಾ ಅಂತ, ಮೈಸೂರು, ಇಲ್ಲಿಗೆ ಬಂದು ಒಂದು ವರ್ಷ ಆಯ್ತು. ಆಹಾ, ತಾಯಿ, ಊಟ ಆಯ್ತಾ? ಬಾಯಿಯ ಬೀಗವೇ ಕಳಚಿತು, ಮೈಸೂರಿನ ಮಗು, ನಮ್ಮ ಕಡೆಯ ಮಗು, ಇದರ ಮುಂದೆ ಆ ಬಣ್ಣದ ಮಾತು ಆಡುವುದೇ, ಗಂಟಲು ಸರಿಮಾಡಿಕೊಂಡು ನೆಟ್ಟಗೆ ಕೂತ, ಲುಂಗಿ ಕೂಡ ಸರಿ ಮಾಡಿಕೊಂಡ. ಸಾರ್, ವೃಂದಾ ಅವರು ನಿಮ್ಮ ಹತ್ರ ಆಪರೇಷನ್ಸ್ ನೋಡ್ಕೊಳ್ತಿದ್ರಲ್ಲ, ಅವರ ಬಗ್ಗೆ ಏನ್ ಹೇಳ್ತೀರಾ? ಏನು ಹೇಳೋದು ತಾಯಿ, ನಮ್ಮ ಹುಡುಗಿ ಏನೂ ಅರೀದ್ದು. ಸಾರ್? ಏನೂ ಅರೀದ್ದು ಕಣವ್ವ, ಲೋಕ ಗೊತ್ತಿಲ್ಲ. ಅಂದ್ರೆ... ಜವಾಬ್ದಾರಿ ಎಲ್ಲ ಅವರೇ ನಿಭಾಯಿಸ್ತಿರಲಿಲ್ವಾ? ಅಯ್ಯೋ ಅದೆಲ್ಲಿ ನಿಭಾಯಿಸುತ್ತೆ, ಏನೋ ನಾವು ಹೇಳಿದ್ದು ಮಾಡ್ಕೊಂಡು ಬಿದ್ದಿತ್ತು, ನೀವು ದೊಡ್ಡೋರು, ತಿದ್ದಿ ತೀಡಿ ಇಟ್ಕೋಬೇಕು. ಟೀಮಲ್ಲಿ ಹೊಂದ್ಕೊಳ್ತಾರಾ ಸಾರ್? ಹೊಂದಿಸ್ಕೊಳ್ಳೋ ಭಾರ ನಿಮ್ದು ತಾಯಿ, ತಪ್ಪು ಮಾಡೇ ಮಾಡುತ್ತೆ, ಹೊಟ್ಟೇಲಿ ಹಾಕ್ಕೊಳ್ಳಿ. ಆ ಕಡೆ ಟಕಟಕ, ಟಕಟಕ. ಕೊನೇ ಪ್ರಶ್ನೆ ಸಾರ್, ಮುಂದೆ ಅವಕಾಶ ಬಂದ್ರೆ ಅವರನ್ನ ನೀವು ಮತ್ತೆ ಕೆಲಸಕ್ಕೆ ತಗೊಳ್ತೀರಾ? ಮತ್ತೆ ಯಾಕೆ ತಾಯಿ, ಕಳಿಸಿಕೊಟ್ಟ ಮೇಲೆ ಮುಗೀತು, ಇನ್ನು ನಿಮ್ಮವಳೇ—ಅಂದು ತಮ್ಮಯ್ಯ ಕಾದ, ಈಗ ಆ ಕಡೆಯವರ ಸರದಿ, ಹಾಗನ್ನಬೇಡಿ, ನಿಮ್ಮ ಮನೆಯ ಹುಡುಗಿ ಅಂದ್ರೆ ನಾವು ಕೇಳಬೇಕೇ, ಅನ್ನಬೇಕು, ಅನ್ನುವುದು ಕ್ರಮ. ಓಕೆ ಸಾರ್, ಥ್ಯಾಂಕ್ಯೂ, ಅಂತು ಫೋನು. ಇಟ್ಟಳು. ಮೈಸೂರಾದರೇನು, ಈಗಿನ ಮಕ್ಕಳಿಗೆ ಮಾತು ಎತ್ತಿಕೊಳ್ಳುವುದನ್ನು ಯಾರೂ ಕಲಿಸಿಲ್ಲ, ಕೈಗೆ ಕೊಟ್ಟ ತಾಂಬೂಲವನ್ನು ನೆಲಕ್ಕೆ ಹಾಕಿ ಹೋದ ಹಾಗೆ ಹೋದಳು, ಹೋಗಲಿ, ತಾನಂತೂ ಒಪ್ಪಿಸುವ ರೀತಿಯಲ್ಲೇ ಒಪ್ಪಿಸಿದ್ದಾಯಿತು, ಸುಳ್ಳಿನ ಒಂದಕ್ಷರ ಬಾಯಿಗೆ ಬರಲಿಲ್ಲ, ತಮ್ಮಯ್ಯ ಮಂಡಿಯೂರಿ ಮೇಜಿನ ಕೆಳಗೆ ಕೈ ಹಾಕಿ ಈರುಳ್ಳಿ ಆರಿಸಿದ, ಗುನುಗುತ್ತಿದ್ದ ಎಂದು ಆಮೇಲೆ ಗೊತ್ತಾಯಿತು.

ಸಂಜೆ ಸಾಂಬಾರು ಕುದಿಯುವಾಗ ತೇಜಸ್ ಚಪ್ಪಲಿ ಬಿಡದೆ ಒಳಗೆ ಬಂದ, ಅಂಕಲ್, ಏನ್ ಸೊನ್ನೀಂಗ, ಏನ್ ಹೇಳಿದ್ರಿ ಆ ರಿಕ್ರೂಟರ್ ಹತ್ರ? ಮೇಲ್ ಬಂದಿದೆ, ಸಾರಿ ಅಂತೆ, ನಾನು ಅಲ್ಲಿರೋ ಫ್ರೆಂಡ್ ಹತ್ರ ಕೇಳ್ದೆ, ರೆಫರೆನ್ಸ್ ಕೊಟ್ಟವರೇ ಇವಳು ಬೇಡ ಅಂದ್ರಂತೆ, ಏನೂ ಗೊತ್ತಿಲ್ಲ, ಜವಾಬ್ದಾರಿ ಇಲ್ಲ, ತಪ್ಪು ಮಾಡ್ತಾಳೆ, ಮತ್ತೆ ತಗೊಳ್ಳೋದೇ ಇಲ್ಲ ಅಂದ್ರಂತೆ, ಇಂಥ ರೆಫರೆನ್ಸ್ ನಾನು ಕೇಳೇ ಇಲ್ಲ ಅಂತ ಆ ರಿಕ್ರೂಟರು ಆಫೀಸಲ್ಲಿ ಎಲ್ಲರಿಗೂ ಹೇಳಿದ್ಲಂತೆ! ಬಾಯಿ ಮುಚ್ಚೋ ಪಡ್ಡೆ, ಅಂದ ತಮ್ಮಯ್ಯ, ಸೌಟು ಹಿಡಿದುಕೊಂಡೇ, ಹೆಣ್ಣು ಒಪ್ಪಿಸೋವಾಗ ಮತ್ತೆ ಹೇಗೆ ಮಾತಾಡ್ತಾರೆ? ಹೆಣ್ಣು ಒಪ್ಪಿಸೋದಾ, ಅಂಕಲ್, ಅದು ಆಸ್ಪತ್ರೆ! ಕಾರಣ ಇಲ್ಲದೆ ರೇಗುತ್ತಾನೆ, ಕಾಗದದ ಗೊಂಬೆಗೆ ರೆಕ್ಕೆ ಕಟ್ಟುವವನು, ನೇತೃತ್ವದವನು, ಕ್ರಮ ತಿಳಿಯದ ಸಂತೆ—ಆದರೆ ಆ ಬೈಗುಳ ಅರ್ಧಕ್ಕೇ ನಿಂತಿತು, ಏಕೆಂದರೆ ಆ ಮೈಸೂರಿನ ಹುಡುಗಿಯ ಟಕಟಕ ಈಗ ಕೇಳಿಸುತ್ತಿತ್ತು, ಒಂದೊಂದು ಟಕ್ಕಿಗೂ ತಾನಾಡಿದ ಒಂದೊಂದು ಮಾತು, ಏನೂ ಅರೀದ್ದು, ಟಕ್, ಬಿದ್ದಿತ್ತು, ಟಕ್, ತಪ್ಪು ಮಾಡೇ ಮಾಡುತ್ತೆ, ಟಕ್, ಎತ್ತಿಕೊಳ್ಳುವವರಿಲ್ಲದ ಕಡೆ ತಗ್ಗಿಸಿ ಇಟ್ಟದ್ದು ತಗ್ಗಿನಲ್ಲೇ ಉಳಿಯಿತು. ವೃಂದಾ ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದಾಳೆ, ಎಷ್ಟು ಹೊತ್ತಿನಿಂದ, ಬಯ್ಯುತ್ತಾಳೆ, ಬಯ್ಯಲಿ, ಬೈದರೆ ಒಳ್ಳೆಯದು, ತೇಜು, ಬಿಡೋ, ಮನೆಗೆ ಹೋಗು, ಅಂದಳು, ಅವನು ಹೋದ, ಬಾಗಿಲು ಹಾಕಿಕೊಂಡಿತು, ಅವಳು ಮುಂದೆ ಬಂದು ಗ್ಯಾಸಿನ ಉರಿ ಸಣ್ಣ ಮಾಡಿದಳು, ಉಕ್ಕುತ್ತಿತ್ತು. ಮಾವ, ಅಂದಳು. ಆಸ್ಪತ್ರೆಯವರಿಗೆ ಹೇಳ್ಬೇಡಿ, ಕಾಗದದಲ್ಲೂ ಬೇಡ. ಈ ಎಂಟು ವರ್ಷ ನಾನೇನು ಮಾಡಿದೆ ಅಂತ ನನಗೆ ಹೇಳಿ, ನನಗೊಬ್ಬಳಿಗೆ, ಒಂದ್ಸಲ. ಕೋಪವಿಲ್ಲ ದನಿಯಲ್ಲಿ, ಉಪ್ಪು ಎಲ್ಲಿದೆ ಎಂದು ಕೇಳಿದ ಹಾಗೆ ಕೇಳಿದಳು, ಕೇಳಿ ನಿಂತಳು, ಹೋಗಲಿಲ್ಲ.

ಹೇಳು ತಮ್ಮಯ್ಯ, ಹೇಳು, ಎದುರಿಗೇ ನಿಂತಿದ್ದಾಳೆ, ಸಣ್ಣ ಮಾತು ಸಾಕು, ದೊಡ್ಡದೇನೂ ಬೇಡ, ಸಾಲುಸಾಲು ಬರುತ್ತವೆ ಗಂಟಲಿಗೆ, ಏನೋ ಮಾಡಿದೆ ತಾಯಿ, ಬರುತ್ತದೆ, ಪರವಾಗಿಲ್ಲ, ಬರುತ್ತದೆ, ಎಲ್ಲಾ ದೇವರು ನಡೆಸಿದ, ಬರುತ್ತದೆ, ಅವೆಲ್ಲ ತಗ್ಗಿಸುವ ಮಾತುಗಳು, ಅವೇ ಬರುವುದು, ಎತ್ತುವ ಮಾತೊಂದು ಬೇಕು, ಪರರ ಮನೆಯವರಿಗೆ ಎಷ್ಟು ಧಾರಾಳವಾಗಿ ಎತ್ತಿಕೊಟ್ಟ ಬಾಯಿ ಇದು, ಸ್ವಂತದವಳಿಗೆ ಒಂದೂ ಇಲ್ಲ, ಆ ತೇಜಸ್ಸಿನ ಬಾಯಲ್ಲಾದರೂ ಒಂದಿತ್ತು, ರೊಂಬ ತಿರಮೈಸಾಲಿ, ಬಾಡಿಗೆಯದಾದರೂ ಇತ್ತು, ಥೂ ನಿನ್ನ ಕ್ರಮವೇ, ತಮ್ಮಯ್ಯ ಬಾಯಿ ತೆರೆದ, ಸಾಂಬಾರಿನ ಹಬೆ ಬಾಯೊಳಗೆ ಹೋಯಿತು, ಮಾತಿನ ಜಾಗದಲ್ಲಿ ಕಣ್ಣಿಗೆ ಬಂದದ್ದು ಆ ಬೆಳಿಗ್ಗೆ, ಕಾಫಿ ಲೋಟ ಹಿಡಿದು ರೂಮಿನ ಬಾಗಿಲಿಗೆ ಬಂದ ಬೆಳಿಗ್ಗೆ, ಮಂಚದ ಅಂಚಿನಲ್ಲಿ ಬೆನ್ನು ಹಾಕಿ ಕೂತ ಹುಡುಗಿ, ಹಿಡ್ಕೊಳ್ಳಿ ಅತ್ತೆ ಅಂದಾಗಿದೆ, ಮುಷ್ಟಿ ಸುತ್ತಿಕೊಂಡಾಗಿದೆ, ಇನ್ನು ಬಾಗಬೇಕು, ಬಾಗುತ್ತಿಲ್ಲ, ತಲೆ ಹಿಂದಕ್ಕೆ ಜಗ್ಗಿದೆ, ಗದ್ದ ಮೇಲಕ್ಕೆ, ಕತ್ತಿನ ನರ ಬಿಗಿದಿದೆ, ಅವಳಿಗೆ ಗೊತ್ತಾಗಿದೆ, ಹಿಂದಿನ ಕೈ ತಣ್ಣಗಾದದ್ದು ಕೂದಲಿನಲ್ಲೇ ಗೊತ್ತಾಗಿದೆ, ಬಿಡಿಸಿಕೊಂಡಿಲ್ಲ, ಬಿಡಿಸಿಕೊಳ್ಳುವುದಕ್ಕೆ ಕೈ ಎತ್ತಿಲ್ಲ, ಯಾರನ್ನೂ ಕೂಗಿಲ್ಲ, ನೆಟ್ಟಗೆ ಕೂತಿದ್ದಾಳೆ, ಕಿಟಕಿಯ ಬೆಳಕು ಗದ್ದದ ಮೇಲೆ, ಎಡಗೈ, ಜಡೆ, ಬೆರಳಿನ ಗೆಣ್ಣು ಬೆಳ್ಳಗೆ, ಮಾವ, ಅನ್ನುತ್ತಿದ್ದಾರೆ ಯಾರೋ ಒಲೆಯ ಪಕ್ಕದಿಂದ, ಎಡಗೈ, ಜಡೆ, ಜಗ್ಗಿದ ತಲೆ, ಬಿಡಿಸಿಕೊಳ್ಳದೆ ಕೂತ ಆ ತಲೆ—